ಗಾಲ್ಫ್ ಗೈಡ್‌ನ ಅಂಕ ನಂಬಿ ಕೋರ್ಸ್ ಆರಿಸಬೇಡಿ: ಪುಸ್ತಕವನ್ನು ನಿಮ್ಮ ಆಟಕ್ಕೆ ಹೊಂದಿಸಿ ಓದುವುದು ಹೇಗೆ

ಬೇಸಿಗೆ ಹತ್ತಿರ ಬಂತೆಂದರೆ ಬೆಂಗಳೂರು, ಮೈಸೂರಿನ ಗಾಲ್ಫ್ ಗೆಳೆಯರು ನನಗೆ ಫೋನ್ ಮಾಡುತ್ತಾರೆ. ಸ್ಕಾಟ್ಲೆಂಡ್‌ಗೆ ಬರಲು ಟಿಕೆಟ್ ಆಗಿರುತ್ತದೆ. ಕೈಯಲ್ಲಿ ಒಂದು ಗೈಡ್ ಪುಸ್ತಕ ಇರುತ್ತದೆ. ಮೊದಲ ಹತ್ತು ಕೋರ್ಸ್‌ಗಳಿಗೆ ಆಗಲೇ ಟಿಕ್ ಹಾಕಿರುತ್ತಾರೆ. "ಅಕ್ಕಾ, ಇದ್ರಲ್ಲಿ ಯಾವ ಐದು ಆಡೋಣ?" ಅಂತ ಕೇಳುತ್ತಾರೆ.

ನಾನು ತಿರುಗಿ ಕೇಳುವ ಪ್ರಶ್ನೆಗಳೇ ಬೇರೆ. ನೀವು ಎಷ್ಟು ದೂರ ಹೊಡೆಯುತ್ತೀರಿ? ಜೊತೆಗೆ ಯಾರು ಬರುತ್ತಿದ್ದಾರೆ? ಯಾವ ತಿಂಗಳು? ಹತ್ತಕ್ಕೆ ಒಂಬತ್ತು ಅಂಕ ಕೊಟ್ಟ ಪುಸ್ತಕಕ್ಕೆ ಇವು ಯಾವುವೂ ಗೊತ್ತಿಲ್ಲ. ಅದಕ್ಕೇ ಆ ಒಂಬತ್ತು ನಿಮ್ಮ ಒಂಬತ್ತು ಆಗಿರಬೇಕೆಂದೇನಿಲ್ಲ.

ನಾನು ಮೈಸೂರಿನವಳು, ಈಗ ಎಡಿನ್‌ಬರೊದಲ್ಲಿ ಇದ್ದೇನೆ. ಶನಿವಾರ ಬಂದರೆ ಈಸ್ಟ್ ಲೋದಿಯನ್ ಕರಾವಳಿಯಲ್ಲಿ ಟ್ರಾಲಿ ಎಳೆದುಕೊಂಡು ನಡೆಯುತ್ತಿರುತ್ತೇನೆ. ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಸರಿಯಾಗಿ ತಾಗಿದರೆ ಚೆಂಡು 150 ಗಜ ಹೋಗುತ್ತದೆ. ನನ್ನ ಹ್ಯಾಂಡಿಕ್ಯಾಪ್ 28, ಅಂದರೆ ಒಳ್ಳೆಯ ಆಟಗಾರರಿಗಿಂತ ಒಂದು ಸುತ್ತಿಗೆ ಸುಮಾರು ಅಷ್ಟು ಹೊಡೆತ ಜಾಸ್ತಿ ಬೇಕು. ನನ್ನ ಹಾಗೆ ಆಡುವವರು ಪ್ರಪಂಚದಲ್ಲಿ ಬೇಕಾದಷ್ಟು ಇದ್ದಾರೆ. ಆದರೆ ಗೈಡ್ ಪುಸ್ತಕಗಳನ್ನು ಬರೆಯುವಾಗ ನಮ್ಮಂಥವರನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಹಾಗಂತ ಪುಸ್ತಕ ಎಸೆಯಬೇಕಿಲ್ಲ. ಅಂಕ ಬಿಟ್ಟು ವಿವರ ಓದುವುದನ್ನು ಕಲಿತರೆ ಸಾಕು.

ಅಂಕ ಕೊಟ್ಟವರು ಯಾರು?

ಮೊದಲು ಮುನ್ನುಡಿ ಓದಿ. ಹೆಚ್ಚಿನವರು ಅದನ್ನು ಬಿಟ್ಟು ನೇರ ಪಟ್ಟಿಗೆ ಹೋಗುತ್ತಾರೆ. ಯಾರು ಆಡಿದರು, ಯಾವ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ; ಹಿಂದಿನ ಟೀ ಗುರಿಗೆ ದೂರ, ಮುಂದಿನದು ಹತ್ತಿರ) ಆಡಿದರು, ಏನನ್ನು ಅಳೆದರು ಎಂಬುದು ಇದ್ದರೆ ಅಲ್ಲೇ ಇರುತ್ತದೆ.

ಅಮೆರಿಕದ ಗಾಲ್ಫ್ ಡೈಜೆಸ್ಟ್ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಅದು ಪಟ್ಟಿ ಮಾಡಲು ಶುರುಮಾಡಿದ್ದು 1966ರಲ್ಲಿ. ಆ ಮೊದಲ ಪಟ್ಟಿ ಅಮೆರಿಕದ 200 ಅತಿ ಕಷ್ಟದ ಕೋರ್ಸ್‌ಗಳದ್ದು. ಅತಿ ಚೆಂದದವು ಯಾವುವು ಎಂದಲ್ಲ, ಅತಿ ಕಷ್ಟದವು ಯಾವುವು ಎಂದು. ಅದು ಈಗ ಶ್ರೇಷ್ಠ ಕೋರ್ಸ್‌ಗಳ ಪಟ್ಟಿಯಾಗಿದೆ, ಅಳತೆಗಳೂ ಹಲವಾಗಿವೆ. ಆದರೂ ಕಷ್ಟಕ್ಕೆ ಒಂದು ಅಂಕ ಉಳಿದುಕೊಂಡಿದೆ. ಸ್ಕ್ರ್ಯಾಚ್ ಆಟಗಾರ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ ಇರುವವರು, ಹಿಂದಿನ ಟೀಯಿಂದ ಆಡಿದರೆ ಎಷ್ಟು ಕಷ್ಟ ಎಂಬುದಕ್ಕೆ ಕೊಡುವ ಅಂಕ ಅದು. ನಾನು ಹಿಂದಿನ ಟೀ ಹತ್ತುವುದಿಲ್ಲ. ನೀವೂ ಬಹುಶಃ ಹತ್ತುವುದಿಲ್ಲ. ಹಾಗಿದ್ದ ಮೇಲೆ ಆ ಅಂಕದಿಂದ ನಮಗೇನು ತಿಳಿಯಿತು?

ಅಂಕಗಳನ್ನು ಕೂಡಿಸುವ ರೀತಿಯಲ್ಲೇ ಇನ್ನೊಂದು ತೊಂದರೆ ಇದೆ. ನೋಟಕ್ಕೆ ಇಷ್ಟು, ಹುಲ್ಲಿನ ಆರೈಕೆಗೆ ಇಷ್ಟು, ವೈವಿಧ್ಯಕ್ಕೆ ಇಷ್ಟು ಎಂದು ಬೇರೆಬೇರೆ ಕೊಟ್ಟು ಕೊನೆಗೆ ಕೂಡಿಸುತ್ತಾರೆ. ಮದುವೆ ಊಟದಲ್ಲಿ ಸಾರಿಗೆ ಆರು, ಪಾಯಸಕ್ಕೆ ಒಂಬತ್ತು, ಬಾಳೆಲೆಗೆ ಹತ್ತು ಅಂಕ ಕೊಟ್ಟು ಸರಾಸರಿ ತೆಗೆದರೆ ಊಟ ಹೇಗಿತ್ತು ಅಂತ ಗೊತ್ತಾಗುತ್ತದಾ? ಟೀಯಿಂದ ಗುಳಿಯವರೆಗಿನ ಒಂದೊಂದು ದಾರಿಗೆ ಹೋಲ್ ಅನ್ನುತ್ತಾರೆ, ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಹದಿನೆಂಟು ಇರುತ್ತವೆ. ಒಂದು ಕೋರ್ಸ್‌ನಲ್ಲಿ ಬೇರೆಲ್ಲೂ ಸಿಗದ ಮೂರು ಹೋಲ್‌ಗಳಿದ್ದು ಉಳಿದವು ಸಾಧಾರಣ ಆಗಿರಬಹುದು. ಇನ್ನೊಂದರಲ್ಲಿ ಹದಿನೆಂಟೂ ಒಂದೇ ಸಮ ಚೆನ್ನಾಗಿದ್ದು ಒಂದೂ ನೆನಪಲ್ಲಿ ಉಳಿಯದೇ ಇರಬಹುದು. ಸರಾಸರಿಯಲ್ಲಿ ಎರಡೂ ಅಕ್ಕಪಕ್ಕ ಬಂದು ಕೂರುತ್ತವೆ. ನನಗಂತೂ ಮೊದಲನೆಯದೇ ಬೇಕು.

ಪಟ್ಟಿಯಲ್ಲಿ ಇರುವವು ನಿಮಗೆ ಆಡಲು ಸಿಗುತ್ತವೆಯೇ ಎಂದೂ ನೋಡಿ. ನ್ಯೂಜೆರ್ಸಿಯ ಪೈನ್ ವ್ಯಾಲಿ ಎಷ್ಟೋ ಪಟ್ಟಿಗಳಲ್ಲಿ ಮೊದಲ ಸ್ಥಾನದಲ್ಲಿರುತ್ತದೆ. ಅದು ಖಾಸಗಿ ಕ್ಲಬ್. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದೇ 2021ರಲ್ಲಿ. ನಮ್ಮ ಪಕ್ಕದ ಮ್ಯೂರ್‌ಫೀಲ್ಡ್ ಕ್ಲಬ್ಬಿನವರು 2017ರಲ್ಲಿ ಮತ ಹಾಕಿ ಒಪ್ಪಿದರು, 2019ರಲ್ಲಿ ಮೊದಲ ಹೆಂಗಸರು ಸದಸ್ಯರಾದರು. ಇಂಥ ಕೋರ್ಸ್‌ಗಳ ಬಗ್ಗೆ ಹತ್ತಾರು ವರ್ಷ ಅಂಕ ಕೊಟ್ಟವರಲ್ಲಿ ನನ್ನ ಹಾಗೆ ಮುಂದಿನ ಟೀಯಿಂದ ಆಡಿದವರು ಎಷ್ಟು ಜನ ಇದ್ದಿರಬಹುದು, ನೀವೇ ಯೋಚಿಸಿ.

ಪೆನ್ಸಿಲ್ ಹಿಡಿದು ಗಜ ಲೆಕ್ಕ ಹಾಕಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಇದೊಂದನ್ನು ಮಾಡಿದರೂ ನಿಮ್ಮ ಪಟ್ಟಿ ಅರ್ಧಕ್ಕರ್ಧ ಬದಲಾಗುತ್ತದೆ.

ಕೋರ್ಸ್‌ಗಳಿಗೆ ಅಧಿಕೃತವಾಗಿ ರೇಟಿಂಗ್ ಹಾಕುವವರು ಮಾದರಿ ಆಟಗಾರರನ್ನು ಇಟ್ಟುಕೊಂಡಿರುತ್ತಾರೆ. ಸ್ಕ್ರ್ಯಾಚ್ ಗಂಡಸು ಡ್ರೈವ್‌ನಲ್ಲಿ 250 ಗಜ ಹೊಡೆಯುತ್ತಾರೆ, 470 ಗಜದ ಹೋಲ್‌ನ ಗ್ರೀನ್ ಅನ್ನು (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಎರಡೇ ಹೊಡೆತದಲ್ಲಿ ಮುಟ್ಟುತ್ತಾರೆ. ಬೋಗಿ ಗಂಡಸು, ಅಂದರೆ ಸಾಧಾರಣ ಆಟಗಾರ, 200 ಗಜ, ಎರಡು ಹೊಡೆತಕ್ಕೆ 370. ಸ್ಕ್ರ್ಯಾಚ್ ಹೆಂಗಸು 210 ಮತ್ತು 400. ಬೋಗಿ ಹೆಂಗಸು 150 ಮತ್ತು 280. ಇದರಲ್ಲಿ ನೀವು ಯಾರ ಹತ್ತಿರ ಇದ್ದೀರಿ ಎಂದು ಪ್ರಾಮಾಣಿಕವಾಗಿ ಗುರುತು ಹಾಕಿಕೊಳ್ಳಿ. ಜೀವನದಲ್ಲೇ ಅತಿ ಉದ್ದ ಹೋದ ಡ್ರೈವ್ ಬೇಡ, ಮಾಮೂಲಿ ದಿನದ್ದು ಸಾಕು.

ಒಂದು ವಿಷಯ ಬೆಂಗಳೂರಿನವರು ನೆನಪಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಸ್ವಲ್ಪ ಜಾಸ್ತಿ ಹಾರುತ್ತದೆ. ಇಲ್ಲಿ ಸಮುದ್ರದ ಪಕ್ಕದಲ್ಲೇ ಆಟ. ಬೇಸಿಗೆಯಲ್ಲೂ ಸ್ವೆಟರ್ ಬೇಕಾಗುವ ತಂಪು. ಅದೇ ಗಾಲ್ಫ್ ಕೋಲು, ಅದೇ ಹೊಡೆತ, ದೂರ ಮಾತ್ರ ಕಡಿಮೆ. ಎದುರುಗಾಳಿ ಇದ್ದರೆ ಇನ್ನೂ ಕಡಿಮೆ.

ಈಗ ನೀವು ಆಡಲಿರುವ ಕ್ಲಬ್‌ನ ಸ್ಕೋರ್‌ಕಾರ್ಡ್ ತೆಗೆಯಿರಿ. ಹೆಚ್ಚಿನ ಕ್ಲಬ್‌ಗಳ ವೆಬ್‌ಸೈಟ್‌ನಲ್ಲಿ ಇರುತ್ತದೆ. ನೀವು ಆಡುವ ಟೀಯ ಬಣ್ಣದ ಸಾಲು ನೋಡಿ. ಪ್ರತಿ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಯಬೇಕಾದ) ಹೋಲ್‌ನ ಮುಂದೆ, ಅದು ನಿಮಗೆ ಎಷ್ಟು ಹೊಡೆತದ ದೂರ ಎಂದು ಬರೆಯಿರಿ. 340 ಗಜದ ಹೋಲ್ ನನಗೆ ಎರಡು ಹೊಡೆತದ್ದಲ್ಲ, ಮೂರು ಹೊಡೆತದ್ದು. ಪುಸ್ತಕ ಅದೇ ಹೋಲ್‌ ಬಗ್ಗೆ "ಡ್ರೈವ್ ಆದ ಮೇಲೆ ಸಣ್ಣ ಐರನ್‌ನಲ್ಲಿ ಗ್ರೀನ್‌ಗೆ" ಎಂದು ಹೇಳುತ್ತಿದ್ದರೆ ಅದು ಇನ್ಯಾರದೋ ಆಟದ ವರ್ಣನೆ.

ಆಮೇಲೆ ನೋಡಬೇಕಾದ್ದು ಗ್ರೀನ್ ಮುಂದೆ ಏನಿದೆ ಎಂಬುದನ್ನು. ದೂರಕ್ಕಿಂತ ಇದು ದೊಡ್ಡದು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಮೊದಲ ಹೋಲ್ ಮತ್ತು ಹದಿನೆಂಟನೇ ಹೋಲ್ ಅಕ್ಕಪಕ್ಕದಲ್ಲೇ ಇವೆ. ಎರಡಕ್ಕೂ ಸೇರಿ ಒಂದೇ ದೊಡ್ಡ ಬಯಲು. ಮೊದಲನೆಯದರಲ್ಲಿ ಗ್ರೀನ್‌ಗೆ ತಾಗಿಕೊಂಡೇ ಸ್ವಿಲ್ಕನ್ ಎಂಬ ಸಣ್ಣ ತೊರೆ ಹರಿಯುತ್ತದೆ. ಚೆಂಡು ಉರುಳಿಸಿಕೊಂಡು ಹೋಗಲು ದಾರಿ ಇಲ್ಲ, ಹಾರಿಸಲೇಬೇಕು. ಹದಿನೆಂಟನೆಯದರಲ್ಲಿ ಒಂದೂ ಬಂಕರ್ (ಮರಳಿನ ಹಳ್ಳ) ಇಲ್ಲ. ಗ್ರೀನ್ ಮುಂದೆ ಒಂದು ತಗ್ಗು ಇದೆ. ಗಟ್ಟಿ ನೆಲ, ಗಿಡ್ಡ ಹುಲ್ಲು. ಐವತ್ತು ಗಜ ಹಿಂದಿನಿಂದ ಪಟರ್‌ನಲ್ಲೇ ಉರುಳಿಸಬಹುದು. ಸಣ್ಣ ಹೊಡೆತದವರಿಗೆ ಇವೆರಡೂ ಪೂರ್ತಿ ಬೇರೆ ಆಟಗಳು. ಒಟ್ಟು ಅಂಕದಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಹಾಗಾಗಿ ಓದುವಾಗ ಎರಡು ಬಣ್ಣದ ಪೆನ್ ಇಟ್ಟುಕೊಳ್ಳಿ. ತೊರೆ, ಕೆರೆ, ಕಂದರ, ಗ್ರೀನ್‌ಗೆ ಅಡ್ಡ ಬಂಕರ್, ಇವೆಲ್ಲ ಹಾರಿಸಲೇಬೇಕಾದವು. ಇವಕ್ಕೆ ಕೆಂಪು. ಟೀಯಿಂದ ಫೇರ್‌ವೇ (ಹುಲ್ಲು ಕತ್ತರಿಸಿದ ನಡುದಾರಿ) ಮುಟ್ಟಲು 140 ಗಜ ಮುಳ್ಳುಪೊದೆಯ ಮೇಲೆ ಹಾರಿಸಬೇಕು ಅಂದರೆ ನನಗೆ ಅದು ಇಡೀ ದಿನದ ಸಂತೋಷ ತಿನ್ನುವ ಹೋಲ್. ಗ್ರೀನ್ ಮುಂದೆ ಬಯಲಾಗಿದೆ, ನೆಲ ಇಳಿಜಾರಾಗಿದೆ, ಚೆಂಡು ಉರುಳುತ್ತದೆ ಅಂದರೆ ಹಸಿರು. ಸಮುದ್ರ ತೀರದ ಹಳೆಯ ಲಿಂಕ್ಸ್‌ಗಳಲ್ಲಿ ಹಸಿರು ಜಾಸ್ತಿ ಬೀಳುತ್ತದೆ. ದೊಡ್ಡ ಹೆಸರಿನ ಎಷ್ಟೋ ಹೊಸ ರೆಸಾರ್ಟ್ ಕೋರ್ಸ್‌ಗಳಲ್ಲಿ ಕೆಂಪು ಜಾಸ್ತಿ.

ಸಣ್ಣ ಹೊಡೆತದವರಿಗೆ ಲಾಭ ಆಗುವ ಕಡೆಗಳೂ ಇವೆ. ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್‌ನಲ್ಲಿ ಹದಿಮೂರನೇ ಹೋಲ್‌ನ ಗ್ರೀನ್ ಮುಂದೆ ಉದ್ದಕ್ಕೂ ಹಳೆಯ ಕಲ್ಲಿನ ಗೋಡೆ ಇದೆ. ಉದ್ದ ಹೊಡೆಯುವವರು ದೂರದಿಂದಲೇ ಗೋಡೆ ದಾಟಿಸಿ ಹಿಂದಿನ ತಗ್ಗಿನ ಗ್ರೀನ್‌ನಲ್ಲಿ ನಿಲ್ಲಿಸಲು ನೋಡುತ್ತಾರೆ. ನಾನು ಗೋಡೆಗೆ ಮೂವತ್ತು ಗಜ ಮೊದಲೇ ನಿಂತು, ಮೂರನೇ ಹೊಡೆತದಲ್ಲಿ ಮೆತ್ತಗೆ ಎತ್ತಿ ಆಚೆ ಇಳಿಸುತ್ತೇನೆ. ಆ ಹೊಡೆತಕ್ಕಿಂತ ಖುಷಿ ಕೊಡುವುದು ನನಗೆ ಇಡೀ ಕರಾವಳಿಯಲ್ಲಿ ಇನ್ನೊಂದಿಲ್ಲ.

ಸ್ಲೋಪ್ ಎಂಬ ಸಂಖ್ಯೆ

ಸ್ಕೋರ್‌ಕಾರ್ಡ್ ಮೇಲೆ ಎರಡು ಸಂಖ್ಯೆ ಇರುತ್ತವೆ. ಕೋರ್ಸ್ ರೇಟಿಂಗ್ ಅಂದರೆ ಸ್ಕ್ರ್ಯಾಚ್ ಆಟಗಾರರಿಗೆ ಆಗಬೇಕಾದ ಸ್ಕೋರ್. ಸ್ಲೋಪ್ ರೇಟಿಂಗ್ 55ರಿಂದ 155ರವರೆಗೆ ಇರುತ್ತದೆ, 113 ಅನ್ನು ಮಾದರಿ ಎಂದು ಇಟ್ಟುಕೊಂಡಿದ್ದಾರೆ. ಸ್ಲೋಪ್ ಜಾಸ್ತಿ ಇದ್ದರೆ ಕೋರ್ಸ್ ಚೆನ್ನಾಗಿದೆ ಎಂದೇನೂ ಅಲ್ಲ. ಎಲ್ಲರಿಗೂ ಒಂದೇ ಸಮ ಕಷ್ಟ ಎಂದೂ ಅಲ್ಲ. ಸ್ಕ್ರ್ಯಾಚ್ ಆಟಗಾರರಿಗಿಂತ ಬೋಗಿ ಆಟಗಾರರಿಗೆ ಎಷ್ಟು ಜಾಸ್ತಿ ಕಷ್ಟ ಎಂಬುದನ್ನು ಅದು ಹೇಳುತ್ತದೆ. ಇಬ್ಬರ ಸ್ಕೋರ್‌ಗಳ ನಡುವಿನ ಅಂತರವನ್ನು ಗಂಡಸರಿಗೆ 5.381ರಿಂದ, ಹೆಂಗಸರಿಗೆ 4.24ರಿಂದ ಗುಣಿಸುತ್ತಾರೆ. ಒಂದು ಟೀಯಿಂದ ಸ್ಕ್ರ್ಯಾಚ್ ಹೆಂಗಸಿಗೆ 72, ಬೋಗಿ ಹೆಂಗಸಿಗೆ 102 ಅಂದುಕೊಳ್ಳಿ. ಅಂತರ 30. ಸ್ಲೋಪ್ 127.

ನನ್ನಂಥವರಿಗೆ ಇದು ಗೈಡ್‌ನ ನಕ್ಷತ್ರಗಳಿಗಿಂತ ಉಪಯೋಗದ ಸಂಖ್ಯೆ. ಪುಸ್ತಕದಲ್ಲಿ ಅದೇ ಇರುವುದಿಲ್ಲ, ಇದ್ದರೂ ಹಿಂದಿನ ಟೀಯದ್ದು ಮಾತ್ರ ಇರುತ್ತದೆ. ನಿಮ್ಮ ಟೀಯ ಸ್ಲೋಪ್ ಹುಡುಕಿ. ಒಂದೇ ಟೀಗೆ ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ರೇಟಿಂಗ್ ಇರುತ್ತದೆ, ಅದನ್ನೂ ಗಮನಿಸಿ. ಬ್ರಿಟನ್‌ನ ಹಳೆಯ ಪುಸ್ತಕಗಳಲ್ಲಿ ಸ್ಲೋಪ್ ಸಿಗುವುದೇ ಇಲ್ಲ. ಇಲ್ಲಿ ಹೊಸ ಹ್ಯಾಂಡಿಕ್ಯಾಪ್ ಪದ್ಧತಿ ಬಂದದ್ದು 2020ರ ನವೆಂಬರ್ 2ರಂದು. ಅದಕ್ಕೂ ಮೊದಲಿನ ಪುಸ್ತಕಗಳಲ್ಲಿ ಎಸ್‌ಎಸ್‌ಎಸ್ (ಸ್ಟ್ಯಾಂಡರ್ಡ್ ಸ್ಕ್ರ್ಯಾಚ್ ಸ್ಕೋರ್) ಎಂಬ ಒಂದೇ ಸಂಖ್ಯೆ ಇರುತ್ತದೆ. ಅದು ಸ್ಕ್ರ್ಯಾಚ್ ಆಟಗಾರರ ಲೆಕ್ಕ ಮಾತ್ರ.

ಪುಸ್ತಕದ ವಯಸ್ಸು, ಭೇಟಿಯ ತಿಂಗಳು

ಕೋರ್ಸ್ ಅಂದರೆ ಜೀವಂತ ಹುಲ್ಲು. ಹತ್ತು ವರ್ಷ ಹಳೆಯ ವಿವರ ನಂಬುವಂತಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಪೈನ್‌ಹರ್ಸ್ಟ್ ನಂಬರ್ 2 ಕೋರ್ಸ್ ಒಳ್ಳೆ ಉದಾಹರಣೆ. 2010ಕ್ಕೆ ಮೊದಲು ಅಲ್ಲಿ ಫೇರ್‌ವೇಯ ಎರಡೂ ಕಡೆ ದಟ್ಟ ಹಸಿರು ರಫ್, ಅಂದರೆ ಉದ್ದ ಹುಲ್ಲು, ಇತ್ತು. ಕೋರ್ಸ್ ವಿನ್ಯಾಸಕರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅದನ್ನೆಲ್ಲ ಕಿತ್ತು ಹಾಕಿಸಿ, ಮೊದಲಿದ್ದ ಹಾಗೆ ಮರಳು ಮತ್ತು ಕಾಡುಹುಲ್ಲನ್ನು ವಾಪಸ್ ತಂದರು. 2014ರಲ್ಲಿ ಗಂಡಸರ ಮತ್ತು ಹೆಂಗಸರ ಎರಡೂ ಯುಎಸ್ ಓಪನ್ ಅಲ್ಲೇ ಸತತ ಎರಡು ವಾರ ನಡೆದವು. ಹಳೆಯ ಪುಸ್ತಕ ಹಿಡಿದು ಹೋದವರಿಗೆ ಹೆಸರು ಒಂದೇ, ಕೋರ್ಸ್ ಬೇರೆ.

ತಿಂಗಳ ವಿಷಯ ಇನ್ನೂ ಮುಖ್ಯ. ಗ್ರೀನ್‌ಗಳಿಗೆ ಗಾಳಿ ಆಡಲೆಂದು ವರ್ಷದಲ್ಲಿ ಕೆಲವು ಸಲ ಸಣ್ಣ ತೂತು ಕೊರೆದು ಮರಳು ತುಂಬುತ್ತಾರೆ. ಆಗ ಒಂದೆರಡು ವಾರ ಚೆಂಡು ಕುಣಿಯುತ್ತಾ ಹೋಗುತ್ತದೆ. ಚಳಿಗಾಲದಲ್ಲಿ ಎಷ್ಟೋ ಕಡೆ ಫೇರ್‌ವೇಯಲ್ಲಿ ಸಣ್ಣ ಮ್ಯಾಟ್ ಇಟ್ಟುಕೊಂಡು ಆಡಬೇಕು. ಬುಕ್ ಮಾಡುವಾಗಲೇ "ಆ ವಾರ ಗ್ರೀನ್ ಕೆಲಸ ಇದೆಯಾ?" ಎಂದು ಕ್ಲಬ್‌ಗೆ ಮೇಲ್ ಹಾಕಿ ಕೇಳಿ. ನೇರ ಉತ್ತರ ಕೊಡುತ್ತಾರೆ.

ಗಾಳಿಯನ್ನು ಯಾವ ಅಂಕವೂ ಹಿಡಿಯಲಾರದು. ಮ್ಯೂರ್‌ಫೀಲ್ಡ್‌ನಲ್ಲಿ ಮೊದಲ ಒಂಬತ್ತು ಹೋಲ್ ಒಂದು ದಿಕ್ಕಿನಲ್ಲಿ ಸುತ್ತುತ್ತವೆ, ಉಳಿದ ಒಂಬತ್ತು ಅದರೊಳಗೆ ಎದುರು ದಿಕ್ಕಿನಲ್ಲಿ. ಗಾಳಿ ಎಲ್ಲ ಕಡೆಯಿಂದಲೂ ಸಿಗುತ್ತದೆ. ಓಲ್ಡ್ ಕೋರ್ಸ್ ಹಾಗಲ್ಲ, ಹೋಗಿ ತಿರುಗಿ ಬರುವ ದಾರಿ. ಹೋಗುವಾಗ ಬೆನ್ನಿಗೆ ಗಾಳಿ ಇದ್ದರೆ ಬರುವಾಗ ಮುಖಕ್ಕೆ. ನಿಮ್ಮ ಕೋರ್ಸ್‌ನ ನಕ್ಷೆ ನೋಡಿ, ಯಾವ ಮಾದರಿ ಎಂದು ತಿಳಿದುಕೊಳ್ಳಿ.

ಒಂದೇ ಸಲ ಆಡಿದವರ ಅಂಕಕ್ಕೂ ಬೆಲೆ ಕಡಿಮೆ ಕೊಡಿ. 1946ರಲ್ಲಿ ಓಪನ್ (ಬ್ರಿಟನ್‌ನ ದೊಡ್ಡ ಗಾಲ್ಫ್ ಪಂದ್ಯಾವಳಿ) ಆಡಲು ಬಂದ ಅಮೆರಿಕದ ಸ್ಯಾಮ್ ಸ್ನೀಡ್‌ಗೆ ರೈಲಿನ ಕಿಟಕಿಯಿಂದ ಓಲ್ಡ್ ಕೋರ್ಸ್ ಪಾಳು ಬಿದ್ದ ಜಾಗದ ಹಾಗೆ ಕಂಡಿತ್ತು. ಆ ವಾರ ಗೆದ್ದದ್ದು ಅವರೇ. ಅಮೆರಿಕದ ಇನ್ನೊಬ್ಬ ದೊಡ್ಡ ಆಟಗಾರ ಬಾಬಿ ಜೋನ್ಸ್ 1921ರಲ್ಲಿ ಅಲ್ಲಿ ಅರ್ಧಕ್ಕೇ ಆಟ ಬಿಟ್ಟರು. ಆಮೇಲೆ ಜೀವನಪೂರ್ತಿ ಆ ಕೋರ್ಸ್ ಅನ್ನು ಪ್ರೀತಿಸಿದರು. ಅಂಥವರಿಗೇ ಮೊದಲ ನೋಟಕ್ಕೆ ದಕ್ಕದ ಜಾಗಕ್ಕೆ ಒಂದು ಮಧ್ಯಾಹ್ನ ಆಡಿ ಅಂಕ ಕೊಡುವುದು ಹೇಗೆ?

ಪಟ್ಟಿಯಲ್ಲಿ ಇಲ್ಲದವು

ಪಟ್ಟಿಗಳು ಸಾಮಾನ್ಯವಾಗಿ 18 ಹೋಲ್ ಇರುವ ಕೋರ್ಸ್‌ಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಇದರಿಂದ ಏನು ತಪ್ಪಿಹೋಗುತ್ತದೆ ಗೊತ್ತಾ? ಆರನ್ ದ್ವೀಪದಲ್ಲಿ ಶಿಸ್ಕಿನ್ ಎಂಬ ಕೋರ್ಸ್ ಇದೆ. ಅದಕ್ಕೆ ಇರುವುದು 12 ಹೋಲ್. ಸ್ಕಾಟ್ಲೆಂಡ್‌ನ ಪಶ್ಚಿಮ ಕರಾವಳಿಯಿಂದ ದೋಣಿ ಹತ್ತಿ ಬ್ರಾಡಿಕ್‌ನಲ್ಲಿ ಇಳಿದು, ದ್ವೀಪ ದಾಟಿ ಹೋಗಬೇಕು. ಬಂಡೆ, ಸಮುದ್ರ, ಎದುರಿಗೆ ಏನಿದೆ ಎಂದು ಕಾಣದ ಹೊಡೆತಗಳು. ಹನ್ನೆರಡು ಕಡಿಮೆ ಅಂತ ಅನಿಸುವುದೇ ಇಲ್ಲ. ಮೊದಲ ಓಪನ್ ನಡೆದ ಪ್ರೆಸ್ಟ್‌ವಿಕ್‌ನಲ್ಲೂ 1860ರಲ್ಲಿ ಇದ್ದದ್ದು ಹನ್ನೆರಡೇ ಹೋಲ್.

ಎಡಿನ್‌ಬರೊ ಪಕ್ಕದ ಮಸಲ್‌ಬರೊ ಓಲ್ಡ್ ಲಿಂಕ್ಸ್‌ಗೆ ಇರುವುದು ಒಂಬತ್ತು ಹೋಲ್. ಅದು ಇರುವುದು ಕುದುರೆ ರೇಸ್‌ಕೋರ್ಸ್ ಒಳಗೆ. ಮೈಸೂರಿನ ನಮಗೆ ಇದು ಹೊಸದಲ್ಲ. ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಕೂಡ ರೇಸ್‌ಕೋರ್ಸ್ ಜಾಗದಲ್ಲೇ ಇರುವುದು, ಅಲ್ವಾ? ಮಸಲ್‌ಬರೊದಲ್ಲಿ 1874 ಮತ್ತು 1889ರ ನಡುವೆ ಆರು ಓಪನ್ ನಡೆದಿವೆ. ಇವತ್ತು ಪ್ರಪಂಚದ ಎಲ್ಲ ಕಡೆ ಗುಳಿ ನಾಲ್ಕೂಕಾಲು ಇಂಚು ಅಗಲ ಇರುತ್ತದಲ್ಲ, ಆ ಅಳತೆ ಇಲ್ಲಿಂದ ಬಂದದ್ದು ಎಂದೇ ಹೇಳುತ್ತಾರೆ. ಹಳೆಯ ಕಾಲದ ಮರದ ಹಿಡಿಯ ಕ್ಲಬ್‌ಗಳನ್ನು ಬಾಡಿಗೆಗೆ ಪಡೆದು ಆಡಬಹುದು. ಇಷ್ಟೆಲ್ಲ ಇದ್ದೂ ಅಂಕದ ಪಟ್ಟಿಯಲ್ಲಿ ಇದಕ್ಕೆ ಜಾಗ ಇಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಸ್ಕಾಟ್ಲೆಂಡ್‌ಗೆ ಬಂದು ಇದನ್ನು ನೋಡದೆ ಹೋಗಬೇಡಿ.

ಉತ್ತರದ ಬ್ರೋರಾದಲ್ಲಿ ಬಹುಕಾಲ ಕುರಿ, ದನಗಳು ಕೋರ್ಸ್ ಮೇಲೇ ಮೇಯುತ್ತಿದ್ದವು. ಅವು ಗ್ರೀನ್ ತುಳಿಯದಿರಲಿ ಎಂದು ಸುತ್ತ ಕರೆಂಟ್ ತಂತಿ ಕಟ್ಟುತ್ತಿದ್ದರು. ಆರೈಕೆಗೆ ಅಂಕ ಕೊಡುವವರು ಇದನ್ನು ಎಲ್ಲಿ ಬರೆದುಕೊಳ್ಳುತ್ತಾರೆ? ಇಂಗ್ಲೆಂಡ್‌ನ ಪೇನ್ಸ್‌ವಿಕ್ ಕೋರ್ಸ್ 5,000 ಗಜವೂ ಇಲ್ಲ, ಹಳೆಯ ಕಬ್ಬಿಣಯುಗದ ಕೋಟೆಯ ಗುಡ್ಡದ ಮೇಲಿದೆ. ಉದ್ದಕ್ಕೆ ಅಂಕ ಕೊಡುವ ಪುಸ್ತಕಕ್ಕೆ ಅದು ಕಾಣಿಸುವುದಿಲ್ಲ. ಗೈಡ್‌ನಲ್ಲಿ "ವಿಚಿತ್ರ", "ಹಳೇ ಕಾಲದ್ದು", "ಚಿಕ್ಕದು" ಎಂಬ ಪದ ಸಿಕ್ಕಿದ ಕಡೆಯೆಲ್ಲ ನಾನು ಮಡಿಕೆ ಹಾಕಿ ಇಡುತ್ತೇನೆ. ನೀವೂ ಹಾಗೇ ಮಾಡಿ ನೋಡಿ.

ಬುಕ್ ಮಾಡುವ ಮುಂಚೆ

ಫೋಟೊ ನಂಬಬೇಡಿ. ಬೆಳಗಿನ, ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಪ್ರತಿ ಉಬ್ಬೂ ಚೆಂದ ಕಾಣುತ್ತದೆ. ಆದರೆ ಏರು ಎಷ್ಟಿದೆ ಎಂದು ಅದರಲ್ಲಿ ಗೊತ್ತಾಗುವುದಿಲ್ಲ. ಈಸ್ಟ್ ಲೋದಿಯನ್‌ನ ಗಲನ್ ನಂಬರ್ 1 ಕೋರ್ಸ್‌ನ ಏಳನೇ ಟೀಯಿಂದ ಕಾಣುವ ಕಡಲಿನ ನೋಟವನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿಗೆ ಗುಡ್ಡ ಹತ್ತಿಕೊಂಡೇ ಹೋಗಬೇಕು. ಮಂಡಿನೋವು ಇರುವ ಮಾವನವರನ್ನು ಕರೆತರುತ್ತಿದ್ದರೆ ಕ್ಲಬ್‌ಗೆ ಬರೆದು ಬಗ್ಗಿ (ಕೋರ್ಸ್ ಸುತ್ತುವ ಸಣ್ಣ ಗಾಡಿ) ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಎಷ್ಟೋ ಲಿಂಕ್ಸ್‌ಗಳಲ್ಲಿ ಸುಮ್ನೆ ಕೇಳಿದರೆ ಕೊಡುವುದಿಲ್ಲ, ಡಾಕ್ಟರ್ ಚೀಟಿ ಬೇಕು.

ಬೆಂಗಳೂರಿನಲ್ಲಿ ಕ್ಯಾಡಿ ಜೊತೆಗೇ ಇರುತ್ತಾರೆ. ಲೈನ್ ಹೇಳುತ್ತಾರೆ, ಚೆಂಡು ಹುಡುಕಿ ಕೊಡುತ್ತಾರೆ. ಇಲ್ಲಿ ಹೆಚ್ಚಿನ ಕಡೆ ನಿಮ್ಮ ಬ್ಯಾಗ್ ನಿಮ್ಮದೇ ಹೊಣೆ. ದೊಡ್ಡ ಕೋರ್ಸ್‌ಗಳಲ್ಲಿ ಕ್ಯಾಡಿ ಬೇಕಾದರೆ ಮೊದಲೇ ಹೇಳಿಡಬೇಕು. ಕಾಣದ ಹೊಡೆತಗಳಿರುವ ಕೋರ್ಸ್‌ಗೆ ಮೊದಲ ಸಲ ಹೋಗುತ್ತಿದ್ದರೆ ಆ ಖರ್ಚು ಮಾಡಿ. ಹ್ಯಾಂಡಿಕ್ಯಾಪ್ ದಾಖಲೆಯನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ.

ದಾರಿಯ ದೂರವನ್ನೂ ಅಂಕದಿಂದ ಕಳೆಯಿರಿ. ಮಕ್ರಿಹಾನಿಶ್‌ನ ಮೊದಲ ಹೊಡೆತ ಕಡಲತೀರದ ಮೇಲಿಂದ ಹಾರಬೇಕು, ಬಹಳ ಪ್ರಸಿದ್ಧ. ಆದರೆ ಗ್ಲಾಸ್ಗೊದಿಂದ ಅಲ್ಲಿಗೆ ಕಾರಿನಲ್ಲಿ ಹೋಗಲು ಮೂರು ತಾಸಿನ ಮೇಲೆ ಬೇಕು. ಅಲ್ಲೇ ಉಳಿಯುವುದಾದರೆ ಹೋಗಿ. ಅವತ್ತೇ ವಾಪಸ್ ಬರಬೇಕಾದರೆ ಈಸ್ಟ್ ಲೋದಿಯನ್‌ನಲ್ಲಿ ಆ ಸಮಯಕ್ಕೆ ಇನ್ನೊಂದು ಕೋರ್ಸ್ ಆಡಿ ಮುಗಿಸಬಹುದು.

ಓಲ್ಡ್ ಕೋರ್ಸ್‌ಗೆ ಎರಡು ದಿನ ಮೊದಲು ಲಾಟರಿ ಎತ್ತುತ್ತಾರೆ. ಸಿಗಬಹುದು, ಸಿಗದೇ ಇರಬಹುದು. ಅದನ್ನೇ ನಂಬಿ ಇಡೀ ಪ್ರವಾಸ ಹೊಂದಿಸಬೇಡಿ. ಆದರೆ ಭಾನುವಾರ ಅಲ್ಲಿಗೆ ಹೋಗಿ. ಮಾಮೂಲಿ ಭಾನುವಾರಗಳಲ್ಲಿ ಆಟ ಇರುವುದಿಲ್ಲ, ಊರಿನವರೆಲ್ಲ ಅಲ್ಲಿ ವಾಕಿಂಗ್ ಮಾಡುತ್ತಾರೆ. ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಹದಿನೆಂಟನೇ ಹೋಲ್‌ನಿಂದ ಹಿಂದಕ್ಕೆ ನಡೆದರು. ಟೀಯಿಂದ ಕಾಣದ ಬಂಕರ್‌ಗಳೆಲ್ಲ ಆ ಕಡೆಯಿಂದ ಬಾಯಿ ತೆರೆದುಕೊಂಡು ಕಂಡವು. ಹಿಂದೆ ಈ ಕೋರ್ಸ್ ಅನ್ನು ತಿರುವುಮುರುವಾಗಿಯೂ ಆಡುತ್ತಿದ್ದರು, ಅದಕ್ಕೇ ಹಾಗೆ. ಒಟ್ಟು ನೂರಕ್ಕೂ ಹೆಚ್ಚು ಬಂಕರ್. ಗೈಡ್‌ನ ನಾಲ್ಕು ಪುಟ ಓದಿದ್ದಕ್ಕಿಂತ ಆ ಒಂದು ನಡಿಗೆಯಲ್ಲಿ ನನಗೆ ಜಾಸ್ತಿ ತಿಳಿಯಿತು. ಅದಕ್ಕೆ ದುಡ್ಡೂ ಇಲ್ಲ.

ಆಡಿ ಬಂದ ಸಂಜೆಯೇ ಪುಸ್ತಕದ ಅದೇ ಪುಟದ ಅಂಚಿನಲ್ಲಿ ಬರೆದಿಡಿ. ಯಾವ ಟೀ, ಯಾವ ತಿಂಗಳು, ಗಾಳಿ ಯಾವ ಕಡೆಯಿಂದ, ಎಷ್ಟು ಕಡೆ ಹಾರಿಸಲೇಬೇಕಾಯಿತು, ಯಾವ ಹೋಲ್ ಮತ್ತೆ ಆಡಬೇಕು ಅನಿಸಿತು. ಅಂಕ ಬರೆಯಬೇಡಿ. ಮುಂದಿನ ಬೇಸಿಗೆ ನಿಮ್ಮಷ್ಟೇ ದೂರ ಹೊಡೆಯುವ ಗೆಳತಿಯೊಬ್ಬಳು ಹೊರಟರೆ ಆ ಪುಟದ ಫೋಟೊ ತೆಗೆದು ಕಳಿಸಿ.